ಬಾಗಿಲ ಮೇಲಿನ ಇಸವಿಯನ್ನು ನಂಬಿ ಕೆಟ್ಟೆ

ನಾನು ಕೊಂಡ ಹಳೆಯ ಕಲ್ಲಿನ ತೋಟದ ಮನೆಯ ತಲೆಬಾಗಿಲಿಗೆ ಹೊರೆಸಿದ ಅಡ್ಡಗಲ್ಲಿನಲ್ಲಿ ಒಂದು ಇಸವಿಯನ್ನು ಕೆತ್ತಿದ್ದಾರೆ. ಹೊಸದರಲ್ಲಿ ಬಂದವರಿಗೆಲ್ಲ ಅದನ್ನೇ ತೋರಿಸಿ ಮನೆಯ ವಯಸ್ಸನ್ನು ಲೆಕ್ಕ ಹಾಕಿ ಹೇಳುತ್ತಿದ್ದೆ. ದುರಸ್ತಿಗೆಂದು ಆರು ತಿಂಗಳು ಗೋಡೆಗಳ ಜೊತೆ ಹೆಣಗಿದ ಮೇಲೆ ತಿಳಿಯಿತು: ಆ ಕಲ್ಲು ಹೇಳುತ್ತಿದ್ದದ್ದು ಮನೆ ಹುಟ್ಟಿದ ವರ್ಷವನ್ನಲ್ಲ, ಯಾರೋ ಬಾಗಿಲನ್ನು ಅಗಲ ಮಾಡಿಸಿದ ವರ್ಷವನ್ನು.

ಮೊದಲ ಅನುಮಾನ ಹುಟ್ಟಿದ್ದು ಅಳತೆ ಪಟ್ಟಿಯಿಂದ. ನಕ್ಷೆ ಬರೆಯಲು ಕೂತಾಗ ಪೂರ್ವದ ಕೋಣೆಯ ಗೋಡೆ 70 ಸೆಂಟಿಮೀಟರ್ ದಪ್ಪ ಬಂತು, ಪಶ್ಚಿಮದ್ದು 55. ನನ್ನ ಅಳತೆಯೇ ತಪ್ಪಿರಬೇಕೆಂದು ಎರಡು ಸಲ ಪಟ್ಟಿ ಹಿಡಿದೆ. ಆಮೇಲೆ ಹೊರಗೆ ಹೋಗಿ, ಸಂಜೆಯ ಓರೆಬಿಸಿಲಿನಲ್ಲಿ ಗೋಡೆಯನ್ನು ನೋಡಿದೆ. ನೆಲದಿಂದ ಸೂರಿನವರೆಗೆ ಒಂದು ನೇರ ಗೆರೆ ಎದ್ದು ಕಾಣುತ್ತಿತ್ತು.

ಕಲ್ಲು ಕಟ್ಟುವವರ ಮೊದಲ ಪಾಠವೇ ಇದು: ಕೆಳಗಿನ ಎರಡು ಕಲ್ಲುಗಳ ಸಂದಿನ ಮೇಲೆ ಮೇಲಿನ ಕಲ್ಲು ಕೂರಬೇಕು. ಒಂದೇ ಸಲಕ್ಕೆ ಎದ್ದ ಗೋಡೆಯಲ್ಲಿ ಸಂದು ಹಾಗೆ ಮೇಲಿನವರೆಗೆ ನೇರವಾಗಿ ಓಡುವುದಿಲ್ಲ. ಓಡಿದೆಯೆಂದರೆ ಒಂದು ಗೋಡೆಗೆ ಇನ್ನೊಂದನ್ನು ತಂದು ಆನಿಸಿದ್ದಾರೆ ಎಂದರ್ಥ. ಯಾವುದು ಹಳೆಯದು? ಗೆರೆಯ ಪೂರ್ವಕ್ಕೆ ದೊಡ್ಡ, ಹದವಾಗಿ ಕೆತ್ತಿದ ಕಲ್ಲುಗಳು ಒಮ್ಮೆ ಉದ್ದ, ಒಮ್ಮೆ ಗಿಡ್ಡವಾಗಿ ಒಂದರ ಮೇಲೊಂದು ಕೂತಿದ್ದವು. ಅವು ಮೂಲೆಗಲ್ಲುಗಳು. ಗೋಡೆಯ ನಡುವೆ ಮೂಲೆಗಲ್ಲಿಗೇನು ಕೆಲಸ? ಒಂದು ಕಾಲದಲ್ಲಿ ಅದೇ ಮನೆಯ ಹೊರಮೂಲೆಯಾಗಿತ್ತು. ಪಶ್ಚಿಮದ ಭಾಗ ಆಮೇಲೆ ಬಂದು ಸೇರಿಕೊಂಡದ್ದು.

ಬಾಗಿಲು ಇರುವುದು ಹಳೆಯ ಭಾಗದಲ್ಲೇ. ಆದರೆ ಅದರ ಎರಡೂ ಪಕ್ಕದಲ್ಲಿ ಒಂದು ಗೇಣು ಅಗಲಕ್ಕೆ ಚೂರುಕಲ್ಲುಗಳನ್ನು ತುರುಕಿದ್ದರು, ಗಾರೆಯ ಬಣ್ಣವೂ ಬೇರೆ. ಬಾಗಿಲಿನ ನಿಲುಗಲ್ಲುಗಳ ಅಂಚಿನಲ್ಲಿ ಅರ್ಧ ಸೀಳಿದ ಉರುಟು ಕುಳಿಗಳಿದ್ದವು: ಸಾಲಾಗಿ ಕೊರೆದು, ಬೆಣೆ ಬಡಿದು ಕಲ್ಲನ್ನು ಸೀಳಿದ ಗುರುತು. ಮೂಲೆಗಲ್ಲುಗಳಲ್ಲಿ ಇದ್ದದ್ದು ಉಳಿಯಿಂದ ತೋಡಿದ ಚಪ್ಪಟೆ ಕಚ್ಚುಗಳು. ಅಮೆರಿಕದ ಈಶಾನ್ಯ ರಾಜ್ಯಗಳ ಗ್ರಾನೈಟ್ ಕೆಲಸದಲ್ಲಿ ಚಪ್ಪಟೆ ಕಚ್ಚು ಹೋಗಿ ಉರುಟು ಕುಳಿ ಬಂದದ್ದು 1830ರ ಆಸುಪಾಸಿನಲ್ಲಿ. ಆ ಇಸವಿಯನ್ನು ಹೊತ್ತು ತಂದು ಎಲ್ಲ ಮನೆಗಳಿಗೂ ಅಂಟಿಸಬಾರದು. ಒಂದೇ ಮನೆಯಲ್ಲಿ ಎರಡು ಬಗೆಯ ಗುರುತುಗಳಿವೆ ಎಂಬುದಷ್ಟೇ ನನಗೆ ಸಾಕಾಗಿತ್ತು.

ಅಟ್ಟದಲ್ಲಿ ಇನ್ನೊಂದು ಬಲೆ ಕಾದಿತ್ತು. ಮರದ ಉಂಗುರಗಳನ್ನು ಎಣಿಸಿ ತೊಲೆಯ ವಯಸ್ಸು ತಿಳಿಯುವ ವಿದ್ಯೆಯಿದೆ. ತೊಗಟೆಯ ಅಂಚು ಉಳಿದಿದ್ದರೆ ಮರ ಕಡಿದ ವರ್ಷವೇ ಸಿಗಬಹುದು. ಮಾಡಿಸಿಬಿಡೋಣವೆಂದು ಹೊರಟವನು ದೊಡ್ಡ ತೊಲೆಯ ಕೆಳಮೈಯಲ್ಲಿ ನಾಲ್ಕು ಖಾಲಿ ಕಚ್ಚುಗಳನ್ನು ನೋಡಿ ನಿಂತೆ. ಅವುಗಳಲ್ಲಿ ಕೂರಬೇಕಾದ ಮರ ಈ ಮನೆಯಲ್ಲಿ ಎಲ್ಲೂ ಇಲ್ಲ. ತೊಲೆ ಬೇರೆ ಯಾವುದೋ ಕಟ್ಟಡದಿಂದ ಬಂದದ್ದು. ಮರ ಕಡಿದ ವರ್ಷ ಗೊತ್ತಾದರೂ ಮನೆ ಕಟ್ಟಿದ ವರ್ಷ ಗೊತ್ತಾಗುತ್ತಿರಲಿಲ್ಲ. ಹಣ ಉಳಿಯಿತು.

ಹಳೆಯ ಕೋಣೆಯ ನೆಲ ಒಂದು ಕಡೆಗೆ ವಾಲಿದೆ. ಅದನ್ನು ಮಟ್ಟ ಮಾಡಿಸಬೇಕೆಂದಿದ್ದೆ. ಚಪ್ಪಡಿಗಳನ್ನು ತೊಳೆದಾಗ ಇಳಿಜಾರಿನ ತುದಿಯಲ್ಲಿ ಕಲ್ಲಿನ ಕಾಲುವೆಯೂ, ಗೋಡೆಯ ಬುಡದಲ್ಲಿ ನೀರು ಹೋಗುವ ಕಿಂಡಿಯೂ ಕಂಡವು. ಅದು ಕೊಟ್ಟಿಗೆ! ಇಂಗ್ಲೆಂಡಿನ ಡಾರ್ಟ್‌ಮೂರ್‌ನ ಗ್ರಾನೈಟ್ ಉದ್ದಮನೆಗಳದ್ದೂ ಇದೇ ಲೆಕ್ಕ: ಒಂದೇ ಸೂರಿನಡಿ ಎತ್ತರದ ತುದಿಯಲ್ಲಿ ಜನ, ತಗ್ಗಿನ ತುದಿಯಲ್ಲಿ ದನ, ಗಂಜಲ ತಾನಾಗಿಯೇ ಹೊರಗೆ. ನೆಲವನ್ನು ವಾಲಿದ ಹಾಗೆಯೇ ಬಿಟ್ಟಿದ್ದೇನೆ. ಮೇಜಿನ ಎರಡು ಕಾಲುಗಳ ಕೆಳಗೆ ಹಲಗೆ ಚೂರು ಇಟ್ಟಿದ್ದೇನೆ.

ಇನ್ನು ತೇವದ ಕಥೆ. ಹಿಂದಿನ ಮಾಲೀಕರು ಸಂದುಗಳಿಗೆಲ್ಲ ಗಟ್ಟಿ ಸಿಮೆಂಟು ಮೆತ್ತಿಸಿದ್ದರು. ಈಗಿನ ಸಿಮೆಂಟಿನ ಮೂಲವಾದ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನ ಜೋಸೆಫ್ ಆಸ್ಪ್ಡಿನ್ ಪೇಟೆಂಟ್ ಪಡೆದದ್ದು 1824ರಲ್ಲಿ. ಇಂಥ ಗೋಡೆಗೆ ಅದು ನೆಂಟನೇ ಅಲ್ಲ. ಗೋಡೆ ಎಂದರೆ ಎರಡು ಮೈಗಳು, ನಡುವೆ ಚೂರುಕಲ್ಲು ಮತ್ತು ಮಣ್ಣು, ಅಲ್ಲಲ್ಲಿ ಎರಡೂ ಮೈಗಳನ್ನು ಹಿಡಿದಿಡುವ ಉದ್ದಗಲ್ಲು. ಒಳಗೆ ಸೇರಿದ ನೀರು ಸುಣ್ಣದ ಸಂದಿನಿಂದ ಆರಿ ಹೋಗಬೇಕು. ದಾರಿ ಮುಚ್ಚಿದ ಮೇಲೆ ಅದು ಕಲ್ಲಿನ ಮೂಲಕವೇ ಹೊರಬರುತ್ತಿತ್ತು, ಮೆದುಕಲ್ಲುಗಳ ಮುಖ ಪದರ ಪದರವಾಗಿ ಏಳುತ್ತಿತ್ತು.

ಯಂತ್ರ ಹಿಡಿದರೆ ಕಲ್ಲಿನ ಅಂಚು ಹೋಗುತ್ತದೆಂದು ಉಳಿ, ಸುತ್ತಿಗೆಯಲ್ಲೇ ಸಿಮೆಂಟನ್ನು ಬಿಡಿಸಿದೆ. ಸಂದಿನ ಅಗಲದ ಎರಡರಷ್ಟು ಆಳಕ್ಕೆ ತೆಗೆದು, ನೀರು ಹೊಡೆದು, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು ಕಲಸಿ ತುಂಬಿದೆ. ಮೊದಲ ಗೋಡೆ ಪೂರ್ತಿ ಹಾಳಾಯಿತು. ಸುಡುಬಿಸಿಲಿನಲ್ಲಿ ಮಾಡಿ ಹಾಗೆಯೇ ಬಿಟ್ಟಿದ್ದೆ, ಹತ್ತು ದಿನದಲ್ಲಿ ಉಗುರಿಗೆ ಪುಡಿಯಾಗಿ ಬಂತು. ಸುಣ್ಣ ಗಟ್ಟಿಯಾಗುವುದು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ, ಅದಕ್ಕೆ ತೇವ ಬೇಕು. ಎರಡನೆಯ ಸಲ ನೆನೆಸಿದ ಗೋಣಿ ಹೊದಿಸಿ, ವಾರಗಟ್ಟಲೆ ನೀರು ಚಿಮುಕಿಸಿದೆ.

ಪಶ್ಚಿಮದ ಗೋಡೆ ಇನ್ನೂ ಬಾಕಿ. ಮೊನ್ನೆ ಅಲ್ಲಿ ಸಿಮೆಂಟು ಬಿಡಿಸುವಾಗ, ಎದೆಯೆತ್ತರದಲ್ಲಿ ಮತ್ತೊಂದು ನೇರ ಗೆರೆ ಕಂಡಿತು, ಮೂರು ಅಡಿ ಆಚೆ ಅದಕ್ಕೆ ಜೋಡಿ ಗೆರೆ. ಮುಚ್ಚಿದ ಕಿಟಕಿಯೇ ಇರಬೇಕು. ಉಳಿಯನ್ನು ಕೆಳಗಿಟ್ಟು, ಮೊದಲು ಫೋಟೊ ತೆಗೆದುಕೊಂಡೆ.