ಕಟ್ಟದೆ ನೋಡಿಕೊಳ್ಳುವ ಕೆಲಸ

ಮಾನಸಿಕ ರೋಗಿಗಳ ವಾರ್ಡಿನಲ್ಲಿ ಯಾರಾದರೂ ಕೂಗಾಡತೊಡಗಿದರೆ ನಾನು ಮೊದಲು ಟಿವಿ ಬಂದ್ ಮಾಡುತ್ತೇನೆ. ಆಮೇಲೆ ಸುತ್ತ ನೆರೆದವರನ್ನು ಹೊರಗೆ ಕಳಿಸುತ್ತೇನೆ. ಬಾಗಿಲಿಗೆ ಅಡ್ಡ ನಿಲ್ಲುವುದಿಲ್ಲ. ಹೊರಹೋಗುವ ದಾರಿ ಅವರಿಗೂ ಕಾಣಬೇಕು, ನನಗೂ ಇರಬೇಕು. ಐಡಿ ಕಾರ್ಡನ್ನು ಕೊರಳಿನಿಂದ ತೆಗೆದು ಜೇಬಿಗೆ ಹಾಕಿಕೊಂಡು, ಕೈಗೆಟುಕದಷ್ಟು ದೂರದಲ್ಲಿ ಸ್ವಲ್ಪ ಓರೆಯಾಗಿ ನಿಂತು, ಎರಡೂ ಅಂಗೈ ಕಾಣುವಂತೆ ಇಟ್ಟುಕೊಂಡು ಮಾತಾಡಿಸುತ್ತೇನೆ. "ಅಣ್ಣಾರ, ನಾನು ಸಿಸ್ಟರ್ ರೀ. ಇಲ್ಲಿ ಯಾರೂ ನಿಮಗ ಹೊಡಿಯೂದಿಲ್ಲ. ನೀರು ಕುಡಿತೀರೇನ್ರಿ?" ಅವರ ಕಿವಿಯಲ್ಲಿ ಆಗಲೇ ಹತ್ತು ಧ್ವನಿಗಳು ಬಯ್ಯುತ್ತಿರಬಹುದು. ನಾನು ಹನ್ನೊಂದನೆಯದು ಆಗಬಾರದು. ಆದ್ದರಿಂದ ಒಂದು ಸಲಕ್ಕೆ ಒಂದೇ ಮಾತು, ಆಮೇಲೆ ಉತ್ತರಕ್ಕೆ ಕಾಯುವುದು.

ಇದರಿಂದ ಎಲ್ಲರೂ ಶಾಂತರಾಗುತ್ತಾರೆ ಎನ್ನಲಾರೆ. ಆದರೆ ಹೊಸಬರು ಊಹಿಸುವುದಕ್ಕಿಂತ ಹೆಚ್ಚು ಜನ ಶಾಂತರಾಗುತ್ತಾರೆ. ಇದಕ್ಕೆ ಕೆಲವೊಮ್ಮೆ ಅರ್ಧ ಗಂಟೆ ಹಿಡಿಯುತ್ತದೆ. ಆ ಅರ್ಧ ಗಂಟೆ ನನಗೆ ಸಿಗುತ್ತದೆಯೇ ಎನ್ನುವುದರ ಮೇಲೆಯೇ ಆ ರೋಗಿಯನ್ನು ಮಂಚಕ್ಕೆ ಕಟ್ಟಬೇಕೋ ಬೇಡವೋ ಎನ್ನುವುದು ನಿಂತಿರುತ್ತದೆ.

ನಾನು ಮನೋವೈದ್ಯಕೀಯ ನರ್ಸಿಂಗ್‌ನಲ್ಲಿ ಒಂದು ವರ್ಷದ ಡಿಪ್ಲೊಮಾ ಮಾಡಿದವಳು. ಕಲ್ಯಾಣ ಕರ್ನಾಟಕದ ಒಂದು ಜಿಲ್ಲಾ ಆಸ್ಪತ್ರೆಯ ವಾರ್ಡಿನಲ್ಲಿ ಪಾಳಿ ಮಾಡುತ್ತ ಕಲಿತೆ. ಈಗ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿದ್ದೇನೆ. ವಾರ್ಡಿನ ಜೊತೆಗೆ ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಮಾನಸಿಕ ಆರೋಗ್ಯ ಕ್ಲಿನಿಕ್ ಮನೋಚೈತನ್ಯ, ಶಾಲೆ, ಹಾಸ್ಟೆಲ್ ಎಲ್ಲವೂ ನಮ್ಮ ಪಾಲಿಗಿವೆ. ಈ ಕಾರ್ಯಕ್ರಮದ ಬೇರು ನಮ್ಮ ಭಾಗದಲ್ಲೇ ಇದೆ ಎನ್ನುವುದು ನನಗೆ ಹೆಮ್ಮೆ. ನಿಮ್ಹಾನ್ಸ್ 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ಇದನ್ನು ದೇಶದ ಬೇರೆ ಜಿಲ್ಲೆಗಳಲ್ಲಿ ಶುರು ಮಾಡಿದರು.

ಕಟ್ಟುವ ವಿಷಯಕ್ಕೆ ಬರುತ್ತೇನೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಹಾಕುವುದನ್ನು ಪೂರ್ತಿ ನಿಷೇಧಿಸಿದೆ. 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಎರವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ ಮಾನಸಿಕ ರೋಗಿಗಳು ಓಡಲಾಗದೆ ಸತ್ತದ್ದನ್ನು ಈ ಕೆಲಸದಲ್ಲಿರುವವರು ಮರೆಯಬಾರದು. ಬೇರೆ ಬಗೆಯ ಕಟ್ಟು ಹಾಕಬೇಕಾದರೆ, ಆ ಕ್ಷಣದ ಅಪಾಯ ತಡೆಯಲು ಅದೊಂದೇ ದಾರಿ ಉಳಿದಿರಬೇಕು, ಮನೋವೈದ್ಯರ ಅನುಮತಿ ಬೇಕು, ಕಾರಣ ಮತ್ತು ಹೊತ್ತು ಕೇಸ್ ಶೀಟಿನಲ್ಲಿ ದಾಖಲಾಗಬೇಕು. ಶಿಕ್ಷೆಯೆಂದು ಕಟ್ಟುವಂತಿಲ್ಲ. ಸಿಬ್ಬಂದಿ ಕಡಿಮೆ ಇದ್ದಾರೆ ಎಂಬ ಕಾರಣಕ್ಕೂ ಕಟ್ಟುವಂತಿಲ್ಲ ಎಂದು ಕಾಯ್ದೆ ಬಿಡಿಸಿ ಹೇಳಿದೆ. ಈ ಕೊನೆಯ ಮಾತನ್ನು ಬರೆದವರು ನೈಟ್ ಡ್ಯೂಟಿ ಬಲ್ಲವರಿರಬೇಕು.

ಯಾಕೆಂದರೆ ರಾತ್ರಿ ಒಬ್ಬಳೇ ನರ್ಸ್ ಇರುತ್ತಾಳೆ. ಒಂದು ಮಂಚದಲ್ಲಿ ಕುಡಿತ ಬಿಟ್ಟ ಮೂರನೇ ದಿನ ಕೈ ನಡುಗಿ, ಗೋಡೆಯ ಮೇಲೆ ಇರುವೆ ಹರಿಯುತ್ತಿವೆ ಎನ್ನುವವರು. ಅವರಿಗೆ ಗ್ಲೂಕೋಸ್‌ಗಿಂತ ಮೊದಲು ಥಯಾಮಿನ್, ಅಂದರೆ ಬಿ1 ವಿಟಮಿನ್, ಹೋಗಲೇಬೇಕು, ನಾಡಿ, ಬಿಪಿ, ಜ್ವರ ಪದೇಪದೇ ನೋಡಬೇಕು. ಇನ್ನೊಂದರಲ್ಲಿ ವಿಷ ಕುಡಿದು ಬದುಕಿ ಬಂದ ಹುಡುಗಿ. ಅವಳ ಮೇಲಿಂದ ಕಣ್ಣು ತೆಗೆಯುವಂತಿಲ್ಲ. ಅದೇ ಹೊತ್ತಿಗೆ ಮೂರನೆಯವರು ಎದ್ದು ಕೂಗಿದರೆ ಅವರ ಹತ್ತಿರ ಅರ್ಧ ಗಂಟೆ ಯಾರು ನಿಲ್ಲಬೇಕು? ನಾನು ಕಂಡ ಬಹಳಷ್ಟು ಕಟ್ಟುಗಳು ರೋಗ ಜೋರಾಗಿತ್ತೆಂದು ಬಿದ್ದವಲ್ಲ, ಆಳಿರಲಿಲ್ಲವೆಂದು ಬಿದ್ದವು. ಕಟ್ಟಲೇಬೇಕಾದಾಗ ನಾನು ಮೆತ್ತನೆ ಬಟ್ಟೆ ಬಳಸಿ, ಒಳಗೆ ಎರಡು ಬೆರಳು ಆಡುವಷ್ಟು ಸಡಿಲ ಬಿಟ್ಟು, ಹದಿನೈದು ನಿಮಿಷಕ್ಕೊಮ್ಮೆ ಉಗುರಿನ ಬಣ್ಣ ನೋಡುತ್ತೇನೆ. ಬೋರಲು ಮಲಗಿಸಿ ಕಟ್ಟುವುದಿಲ್ಲ, ಉಸಿರು ನಿಂತೀತು. ಬಿಚ್ಚಿದ ಮೇಲೆ ಪಕ್ಕದಲ್ಲಿ ಕೂತು, ಯಾಕೆ ಕಟ್ಟಿದೆವು ಎಂದು ಅವರಿಗೇ ಹೇಳುತ್ತೇನೆ. ಇದನ್ನು ಬಹಳ ಕಡೆ ಬಿಟ್ಟುಬಿಡುತ್ತಾರೆ. ಮರುದಿನ ಅವರು ನಮ್ಮ ಕೈಯಿಂದ ಮಾತ್ರೆ ತೆಗೆದುಕೊಳ್ಳುವುದೋ ಬಿಡುವುದೋ ಅಲ್ಲೇ ತೀರ್ಮಾನವಾಗುತ್ತದೆ.

ಉದ್ರೇಕ ಇಳಿಸುವ ಹ್ಯಾಲೊಪೆರಿಡಾಲ್ ಇಂಜೆಕ್ಷನ್ ಕೊಟ್ಟ ಮೇಲೂ ಕೆಲಸ ಮುಗಿಯುವುದಿಲ್ಲ. ಹರೆಯದ ಗಂಡಸರಲ್ಲಿ ಕತ್ತು ಒಂದು ಕಡೆಗೆ ತಿರುಚಿಕೊಂಡು, ಕಣ್ಣುಗುಡ್ಡೆ ಮೇಲಕ್ಕೆ ನೆಟ್ಟು, ನಾಲಿಗೆ ದಪ್ಪವಾಗಿ ಮಾತು ತೊದಲಬಹುದು. ಮನೆಯವರು ಮೈಮೇಲೆ ಏನೋ ಬಂತೆಂದು ಕೈ ಮುಗಿಯುತ್ತಾರೆ. ಇದು ಔಷಧದ್ದೇ ಪರಿಣಾಮ. ಡಾಕ್ಟರಿಗೆ ತಿಳಿಸಿ ಪ್ರೊಮೆಥಜಿನ್ ಕೊಟ್ಟರೆ ಬೇಗ ಇಳಿಯುತ್ತದೆ. ಮೊದಲೇ ಹೇಳಿಟ್ಟಿದ್ದರೆ ಯಾರೂ ಹೆದರುವುದಿಲ್ಲ.

ಹಾಸ್ಟೆಲ್‌ಗಳಲ್ಲಿ ನನಗೆ ಉಪಯೋಗಕ್ಕೆ ಬಂದದ್ದು ವಾರ್ಡಿನ ಇದೇ ಅಭ್ಯಾಸ. ಹಾಸ್ಟೆಲ್ ಮಕ್ಕಳು ಹೋಗುವ ನಮ್ಮ ಹಗಲು ಶಾಲೆಗಳಲ್ಲಿ ನರ್ಸ್ ಇಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೊಮ್ಮೆ ಬಂದು ಕಣ್ಣು, ಹಲ್ಲು, ತೂಕ ನೋಡಿ ಹೋಗುತ್ತದೆ. ನಡುವೆ ಏನಾದರೂ ಆದರೆ ವಾರ್ಡನ್ ಮೇಡಂ ನಮಗೆ ಫೋನ್ ಮಾಡುತ್ತಾರೆ. "ಸಿಸ್ಟರ್, ಹುಡುಗ್ಯಾರು ಒಬ್ಬರ ಹಿಂದ ಒಬ್ಬರು ಬೀಳಾಕತ್ತಾರ್ರಿ, ಲಗೂನ ಬರ್ರಿ."

ಹೋದರೆ ವರಾಂಡದ ತುಂಬ ಜನ. ಒಬ್ಬರು ಮುಖಕ್ಕೆ ನೀರು ಹೊಡೆಯುತ್ತಿರುತ್ತಾರೆ, ಇನ್ನೊಬ್ಬರು ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದಿರುತ್ತಾರೆ, ಬಿದ್ದವಳ ಅಂಗೈಯಲ್ಲಿ ಬೀಗದ ಕೈ. ಮೊದಲು ಎಲ್ಲರ ಬಿಪಿ, ಸಕ್ಕರೆ, ಜ್ವರ ನೋಡುತ್ತೇನೆ, ಬೆಳಗ್ಗೆ ಏನು ತಿಂದರೆಂದು ಕೇಳುತ್ತೇನೆ. ಊಟದ ವಿಷವಲ್ಲ, ಬಿಸಿಲಿನ ಹೊಡೆತವಲ್ಲ, ಮೂರ್ಛೆರೋಗವಲ್ಲ ಎಂದು ಖಾತ್ರಿಯಾಗುವವರೆಗೆ ಮನಸ್ಸಿನ ಮಾತು ಎತ್ತುವುದಿಲ್ಲ. ಮೂರ್ಛೆರೋಗದ ಫಿಟ್ಸಿನಲ್ಲಿ ಸಾಮಾನ್ಯವಾಗಿ ಕಣ್ಣು ತೆರೆದಿರುತ್ತದೆ, ನಾಲಿಗೆಯ ಅಂಚು ಕಚ್ಚಿಕೊಂಡಿರಬಹುದು. ಈ ಹುಡುಗಿಯರಲ್ಲಿ ರೆಪ್ಪೆ ಬಿಗಿಯಾಗಿ ಮುಚ್ಚಿರುತ್ತದೆ, ಬಿಡಿಸಲು ಹೋದರೆ ಇನ್ನೂ ಬಿಗಿಯಾಗುತ್ತದೆ. ಉಸಿರು ಜೋರಾಗಿ ಎಳೆದು ಬೆರಳು ಸೆಟೆದಿರುತ್ತವೆ. ಕೂತು ನಿಧಾನವಾಗಿ ಉಸಿರು ಬಿಡಿಸಿದರೆ ಬೆರಳು ಸಡಿಲವಾಗುವುದು ಕಣ್ಣೆದುರೇ ಕಾಣುತ್ತದೆ.

"ನಾಟಕ ಮಾಡತಾವ್ರಿ" ಎಂದು ಯಾರಾದರೂ ಮಾಸ್ತರರು ಹೇಳಿದರೆ ಅಲ್ಲೇ ತಡೆಯುತ್ತೇನೆ. ಮಗು ಇದನ್ನು ಬೇಕಂತಲೇ ಮಾಡುತ್ತಿಲ್ಲ, ಮನಸ್ಸಿನ ಒತ್ತಡ ಮೈಯಲ್ಲಿ ಹೀಗೆ ಕಾಣಿಸಿಕೊಳ್ಳುತ್ತದೆ. ಉಳಿದವರನ್ನು ತರಗತಿಗೆ ಕಳಿಸಿ, ಬಿದ್ದವರನ್ನು ಬೇರೆಬೇರೆ ಕೋಣೆಯಲ್ಲಿ ಮಲಗಿಸಿ, ಮೊಬೈಲ್ ವಿಡಿಯೋ ನಿಲ್ಲಿಸಿದರೆ ಹೊತ್ತು ಮುಳುಗುವುದರೊಳಗೆ ಹೆಚ್ಚಿನವರು ಎದ್ದಿರುತ್ತಾರೆ. ಮೊದಲು ಬಿದ್ದ ಹುಡುಗಿ ಯಾರು ಎಂದು ಗುರುತಿಟ್ಟುಕೊಂಡಿರುತ್ತೇನೆ.

ಮರುದಿನ ಅವಳೊಬ್ಬಳನ್ನೇ ಮಾತಾಡಿಸುತ್ತೇನೆ, ಎಲ್ಲರಿಗೂ ಕಾಣುವ ಜಾಗದಲ್ಲಿ, ಯಾರಿಗೂ ಕೇಳಿಸದಷ್ಟು ದೂರದಲ್ಲಿ. "ಯಾರಿಗೂ ಹೇಳೂದಿಲ್ಲ" ಎಂದು ಮಾತು ಕೊಡುವುದಿಲ್ಲ. ಲೈಂಗಿಕ ದೌರ್ಜನ್ಯ ಗೊತ್ತಾದರೆ ಪೋಕ್ಸೊ ಕಾಯ್ದೆಯಡಿ ನಾನು ತಿಳಿಸಲೇಬೇಕು. "ನಿನಗ ತ್ರಾಸ ಆಗೂವಂಥಾದ್ದಿದ್ರ ಒಬ್ಬಿಬ್ಬರಿಗೆ ಹೇಳಬೇಕಾಗ್ತದ ತಂಗಿ, ನಿನಗ ಕೇಳೇ ಹೇಳ್ತೀನಿ ಯಾರಿಗೆ ಅಂತ" ಎಂದು ಮೊದಲೇ ಬಿಚ್ಚಿಡುತ್ತೇನೆ. ಬಾಯಿ ಮುಚ್ಚಿಕೊಂಡಾಳು ಎಂದು ಸಹೋದ್ಯೋಗಿಗಳು ಹೆದರುತ್ತಾರೆ. ನನ್ನ ಅನುಭವದಲ್ಲಿ ಮಕ್ಕಳು ಇದರಿಂದಲೇ ನಂಬುತ್ತಾರೆ. ಹೀಗೆ ಮಾತಾಡಿದ ಒಬ್ಬ ಹುಡುಗಿ ಬಹಳ ಹೊತ್ತು ಲಂಗದ ಅಂಚಿನ ದಾರ ಎಳೆಯುತ್ತ ಕೂತು, ದಸರಾ ರಜೆಗೆ ಊರಿಗೆ ಹೋದರೆ ಸೋದರಮಾವನ ಜೊತೆ ಮದುವೆ ಮಾಡುತ್ತಾರೆ ಎಂದಳು. ಅವಳಿಗೆ ತಿಳಿಸಿಯೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದೆವು. ಮದುವೆ ನಿಂತಿತು. ಹಾಸ್ಟೆಲ್‌ನಲ್ಲಿ ಆಮೇಲೆ ಯಾರೂ ಬೀಳಲಿಲ್ಲ.

ಇಷ್ಟೆಲ್ಲ ಮಾಡುವ ನಾವು ಗುತ್ತಿಗೆ ನೌಕರರು. ವರ್ಷಕ್ಕೊಮ್ಮೆ ಆದೇಶ ನವೀಕರಣವಾಗಬೇಕು, ಅದು ತಡವಾದರೆ ಸಂಬಳವೂ ತಡ. ತಿಂಗಳ ವರದಿಯಲ್ಲಿ ಎಷ್ಟು ಶಾಲೆಗೆ ಹೋದೆ, ಎಷ್ಟು ಮಕ್ಕಳಿಗೆ ಭಾಷಣ ಮಾಡಿದೆ ಎಂಬ ಕಾಲಂಗಳಿವೆ. ಒಬ್ಬ ಹುಡುಗಿಯ ಪಕ್ಕ ಎರಡು ಗಂಟೆ ಕೂತದ್ದನ್ನು ತುಂಬಲು ಕಾಲಂ ಇಲ್ಲ. ನಾನು ಷರಾ ಜಾಗದಲ್ಲಿ ಬರೆದೇ ಕಳಿಸುತ್ತೇನೆ. ನಮ್ಮ ಜಿಲ್ಲೆಯ ನರ್ಸ್‌ಗಳು ಸೇರಿ ಎರಡು ಬೇಡಿಕೆ ಬರೆದುಕೊಟ್ಟಿದ್ದೇವೆ. ಮಾನಸಿಕ ವಾರ್ಡಿನ ರಾತ್ರಿ ಪಾಳಿಗೆ ಇಬ್ಬರು ನರ್ಸ್, ಹೋಬಳಿಗೊಬ್ಬ ಶಾಲಾ ನರ್ಸ್. ಪ್ರತಿ ಮೀಟಿಂಗ್‌ನಲ್ಲೂ ಇದನ್ನೇ ಎತ್ತುತ್ತೇವೆ. ಸಿಬ್ಬಂದಿ ಕಡಿಮೆ ಎಂದು ಕಟ್ಟುವಂತಿಲ್ಲ ಎನ್ನುವ ಕಾಯ್ದೆಯ ಆ ಪುಟದ ಜೆರಾಕ್ಸ್ ನನ್ನ ಬ್ಯಾಗಿನಲ್ಲೇ ಇರುತ್ತದೆ, ಕೇಳಿದವರಿಗೆ ಓದಿ ಹೇಳುತ್ತೇನೆ.