ಗ್ಯಾಸ್ ಗೀಸರ್ ಹೊತ್ತಿಕೊಳ್ಳುತ್ತಿಲ್ಲವೇ? ಮೊದಲು ಶಬ್ದ ಕೇಳಿಸಿಕೊಳ್ಳಿ

ಧನುರ್ಮಾಸದ ಬೆಳಗಿನ ಜಾವ, ನಂದಿ ಬೆಟ್ಟದ ಕಡೆಯ ಥಂಡಿ ಗಾಳಿ ಮೂಳೆಗೆ ತಾಗುವ ಹೊತ್ತಿಗೇ ಸರಿಯಾಗಿ ಗೀಸರ್ ಕೈಕೊಡುತ್ತದೆ. ನೀಲಗಿರಿ ಸೌದೆ ತುರುಕಿ ಹಂಡೆ ಕಾಯಿಸುತ್ತಿದ್ದ ಚಿಕ್ಕಬಳ್ಳಾಪುರದ ಎಷ್ಟೋ ಮನೆಗಳಲ್ಲಿ ಈಗ ಗ್ಯಾಸ್ ಗೀಸರ್ ಬಂದಿದೆ. ಅದು ಹೊತ್ತದಿದ್ದಾಗಲೆಲ್ಲ ಮೆಕ್ಯಾನಿಕ್ಕಿಗೆ ಕಾಯಬೇಕಿಲ್ಲ.

ಗ್ಯಾಸ್ ವಾಸನೆ ಬರುತ್ತಿದ್ದರೆ ಮಾತ್ರ ಮುಂದಿನ ಯಾವ ಪ್ರಯೋಗವೂ ಬೇಡ. ರೆಗ್ಯುಲೇಟರ್ ಆಫ್ ಮಾಡಿ, ಕಿಟಕಿ ಬಾಗಿಲು ತೆರೆಯಿರಿ. ಲೈಟ್ ಸ್ವಿಚ್ ಹಾಕುವುದೂ ಬೇಡ, ಆರಿಸುವುದೂ ಬೇಡ. ಅಡುಗೆ ಅನಿಲ ಗಾಳಿಗಿಂತ ಭಾರ. ನೆಲದ ಮಟ್ಟದಲ್ಲಿ, ಬಚ್ಚಲ ಮೋರಿಯ ಹತ್ತಿರ ಸೇರಿಕೊಂಡಿರುತ್ತದೆ. ಮನೆಯಿಂದಾಚೆ ಬಂದು ಗ್ಯಾಸ್ ಸೋರಿಕೆಯ ತುರ್ತು ಸಹಾಯವಾಣಿ 1906ಕ್ಕೆ ಫೋನ್ ಮಾಡಿ.

ವಾಸನೆ ಇಲ್ಲವೇ? ಹಾಗಾದರೆ ಬಿಸಿನೀರಿನ ನಲ್ಲಿ ತಿರುಗಿಸಿ ಸುಮ್ಮನೆ ಕೇಳಿಸಿಕೊಳ್ಳಿ. ಹರಿಯುವ ನೀರು ಒಳಗಿನ ರಬ್ಬರ್ ಪೊರೆಯನ್ನು (ಡಯಾಫ್ರಾಮ್) ತಳ್ಳುತ್ತದೆ, ಅದು ಪುಟ್ಟ ಸ್ವಿಚ್ಚೊಂದನ್ನು ಒತ್ತುತ್ತದೆ. ಆಗ ಸೆಲ್ಲಿನ ಬಲದಿಂದ ಟಕಟಕ ಸದ್ದಿನೊಂದಿಗೆ ಕಿಡಿ ಹಾರಿ, ಗ್ಯಾಸ್ ವಾಲ್ವ್ ತೆರೆದುಕೊಳ್ಳುತ್ತದೆ.

ಟಕಟಕ ಸದ್ದೇ ಇಲ್ಲ ಅಂದರೆ ಮೊದಲ ಅನುಮಾನ ಸೆಲ್ ಮೇಲೆ. ಗೀಸರಿನ ಅಡಿಯ ಡಬ್ಬಿಯಲ್ಲಿ ಸಾಮಾನ್ಯವಾಗಿ 1.5 ವೋಲ್ಟಿನ ಎರಡು ದಪ್ಪ ಸೆಲ್ ಇರುತ್ತವೆ. ಎರಡನ್ನೂ ಒಟ್ಟಿಗೆ ಬದಲಿಸಿ, ಸೆಲ್ ತಾಗುವ ಲೋಹದ ಪಟ್ಟಿಗೆ ಹಸಿರು ತುಕ್ಕು ಹಿಡಿದಿದ್ದರೆ ಉಜ್ಜಿ ತೆಗೆಯಿರಿ.

ಹೊಸ ಸೆಲ್ ಹಾಕಿದರೂ ಸದ್ದಿಲ್ಲವೇ? ಆಗ ನೀರನ್ನು ನೋಡಬೇಕು. ನಮ್ಮ ಜಿಲ್ಲೆಯ ಬೋರ್ ನೀರಿನ ಗುಣ ಗೊತ್ತೇ ಇದೆ, ಪಾತ್ರೆ ಒಣಗಿದರೆ ಸಾಕು ಬಿಳಿ ಕಲೆ. ಅದೇ ಬಿಳಿ ಉಪ್ಪು ಗೀಸರಿಗೆ ನೀರು ಬರುವ ಬಾಯಲ್ಲಿರುವ ಪುಟ್ಟ ಜಾಲರಿಗೂ ಕಟ್ಟಿಕೊಳ್ಳುತ್ತದೆ. ರೆಗ್ಯುಲೇಟರ್ ಆಫ್ ಮಾಡಿ, ನೀರಿನ ವಾಲ್ವ್ ಮುಚ್ಚಿ, ಕೆಳಗೆ ಬಕೆಟ್ ಇಟ್ಟು ಸ್ಪ್ಯಾನರಿನಿಂದ ತಣ್ಣೀರು ಪೈಪಿನ ನಟ್ ಬಿಚ್ಚಿ. ಬೆರಳತುದಿಯಷ್ಟು ಜಾಲರಿ ಸಿಗುತ್ತದೆ. ಸುಣ್ಣದ ಚೂರು, ಟ್ಯಾಂಕಿನ ಪಾಚಿ, ಮರಳು ಎಲ್ಲ ಅಲ್ಲೇ ಕೂತಿರುತ್ತವೆ. ನಿಂಬೆರಸದಲ್ಲೋ ವಿನೆಗರಿನಲ್ಲೋ ಅರ್ಧ ಗಂಟೆ ನೆನೆಸಿ, ಹಳೇ ಟೂತ್‌ಬ್ರಷ್‌ನಿಂದ ತಿಕ್ಕಿ, ವಾಷರ್ ಮರೆಯದೆ ಮತ್ತೆ ಜೋಡಿಸಿ. ಷವರಿನ ತೂತುಗಳಿಗೂ ಇದೇ ಮದ್ದು.

ಟ್ಯಾಂಕಿನ ಎತ್ತರವೂ ಮುಖ್ಯ. ಹತ್ತು ಅಡಿ ಮೇಲಿನ ನೀರು ಕೊಡುವ ಒತ್ತಡ ಸುಮಾರು 0.3 ಬಾರ್ ಅಷ್ಟೇ. ಒಂದಂತಸ್ತಿನ ಮನೆಯ ತಾರಸಿಯ ಮೇಲೇ ಕೂತ ಟ್ಯಾಂಕ್ ಅರ್ಧಕ್ಕಿಳಿದರೆ ಕೆಲವು ಗೀಸರುಗಳಿಗೆ ಅದು ಸಾಲದು. ಇದಕ್ಕೆ ಟ್ಯಾಂಕ್ ಎತ್ತರಿಸಬೇಕು, ಇಲ್ಲವೇ ಕಡಿಮೆ ಒತ್ತಡದಲ್ಲೂ ನಡೆಯುವ ಮಾದರಿ ಕೊಳ್ಳಬೇಕು. ಅಂಗಡಿಯಲ್ಲಿ ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ, ನೀವೇ ಕೇಳಿ.

ಸದ್ದು ಬರುತ್ತದೆ, ಉರಿ ಬರುವುದಿಲ್ಲ ಅಂದರೆ ಗ್ಯಾಸ್ ತಲುಪುತ್ತಿಲ್ಲ. ರೆಗ್ಯುಲೇಟರ್ ಆನ್ ಇದೆಯೇ, ಪೈಪ್ ಮಡಚಿಕೊಂಡಿದೆಯೇ, ಸಿಲಿಂಡರ್ ಅಲುಗಾಡಿಸಿದರೆ ಹಗುರವೇ ಎಂದು ನೋಡಿ. ಮುಗಿಯುತ್ತ ಬಂದ ಸಿಲಿಂಡರಿನಲ್ಲಿ ಚಳಿಗೆ ಒತ್ತಡ ಇನ್ನೂ ಇಳಿಯುತ್ತದೆ. ಮಧ್ಯಾಹ್ನ ಹೊತ್ತುವ ಗೀಸರ್ ಮುಂಜಾನೆ ಹೊತ್ತದಿರಲು ಇದೂ ಕಾರಣ. ಸಿಲಿಂಡರ್ ಬದಲಿಸಿದ್ದರೆ ಪೈಪಿನಲ್ಲಿ ಗಾಳಿ ಸೇರಿರುತ್ತದೆ. ಎರಡು ಮೂರು ಸಲ ನಲ್ಲಿ ತಿರುಗಿಸಿ ನೋಡಬಹುದು, ಆದರೆ ನಡುವೆ ಒಂದೆರಡು ನಿಮಿಷ ಬಿಡಿ. ಬೆನ್ನುಬೆನ್ನಿಗೆ ತಿರುಗಿಸಿದರೆ ಉರಿಯದ ಗ್ಯಾಸ್ ಒಳಗೆ ಸೇರಿ, ಕೊನೆಗೆ ಢಂ ಎಂದು ಹೊತ್ತಿಕೊಳ್ಳುತ್ತದೆ.

ಹೊತ್ತಿ ಕೆಲವೇ ಸೆಕೆಂಡಿನಲ್ಲಿ ಆರಿದರೆ ಉರಿಯನ್ನು ಗುರುತಿಸುವ ಸೆನ್ಸರ್ ಕಡ್ಡಿಗೆ ಮಸಿ ಹಿಡಿದಿರಬಹುದು, ಮೆಕ್ಯಾನಿಕ್ ಒರೆಸಿಕೊಡುತ್ತಾರೆ. ಇಪ್ಪತ್ತು ನಿಮಿಷದ ಆಸುಪಾಸಿನಲ್ಲಿ ಆರಿದರೆ ಅದು ರಿಪೇರಿಯೇ ಅಲ್ಲ, ಎಷ್ಟೋ ಗೀಸರುಗಳಲ್ಲಿ ಸುರಕ್ಷತೆಗೆಂದೇ ಇಟ್ಟ ಟೈಮರ್.

ಉರಿ ನೀಲಿಯ ಬದಲು ಹಳದಿಯಾಗಿದ್ದರೆ ಬಳಸುವುದನ್ನೇ ನಿಲ್ಲಿಸಿ. ಗ್ಯಾಸ್ ಪೂರ್ತಿ ಉರಿಯದೆ ಕಾರ್ಬನ್ ಮೋನಾಕ್ಸೈಡ್ ಹುಟ್ಟುತ್ತಿರಬಹುದು. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಮುಚ್ಚಿದ ಬಚ್ಚಲಲ್ಲಿ ಮೊದಲು ತಲೆ ಸುತ್ತು, ಆಮೇಲೆ ಎಚ್ಚರವೇ ತಪ್ಪುತ್ತದೆ. ಚಳಿಗೆಂದು ವೆಂಟಿಲೇಟರಿಗೆ ರಟ್ಟು ಅಡ್ಡ ಇಡುವುದು ಇಲ್ಲಿನ ಮನೆಗಳ ಕೆಟ್ಟ ರೂಢಿ. ಗೀಸರ್ ಬಚ್ಚಲ ಒಳಗಿದ್ದರೆ ಹೊರಗೋಡೆಗೆ ಹಾಕಿಸಿ.

ಗ್ಯಾಸ್ ವಾಲ್ವನ್ನು ನೀವಾಗಿ ಬಿಚ್ಚಬೇಡಿ. ಮೆಕ್ಯಾನಿಕ್ ಬಿಚ್ಚಿ ಜೋಡಿಸಿದರೆ, ಜಾಯಿಂಟುಗಳಿಗೆ ಸೋಪಿನ ನೊರೆ ಹಚ್ಚಿ ತೋರಿಸಲು ಹೇಳಿ. ಗುಳ್ಳೆ ಎದ್ದರೆ ದುಡ್ಡು ಕೈಗೆ ಕೊಡುವ ಮುಂಚೆಯೇ ಮತ್ತೆ ಬಿಗಿಸಲಿ.