ಸಣ್ಣ ಕ್ಯಾರವಾನ್ ಎಳೆಯಲು ಭಾರ ಹಂಚುವ ಹಿಚ್: ತೂಕ ನೋಡಿ ಆರಿಸುವುದು ಹೇಗೆ?

ಪಿಕಪ್ ಅಥವಾ ಎಸ್‌ಯುವಿಯ ಹಿಂದೆ ಸಣ್ಣ ಕ್ಯಾರವಾನ್ ಟ್ರೇಲರ್ ಕಟ್ಟಿದ ಕೂಡಲೇ ಗಾಡಿಯ ಹಿಂಭಾಗ ಕುಸಿದು ಮುಂಭಾಗ ಮೇಲೆದ್ದರೆ, ರಾತ್ರಿ ಹೆಡ್‌ಲೈಟಿನ ಬೆಳಕು ರಸ್ತೆಯನ್ನು ಬಿಟ್ಟು ತೋಟದ ಸಿಲ್ವರ್ ಓಕ್ ಮರಗಳ ಕೊಂಬೆಗೆ ಬೀಳುತ್ತಿದ್ದರೆ, ಸ್ಟಿಯರಿಂಗ್ ಎಂದಿಗಿಂತ ಹಗುರವೆನಿಸಿದರೆ, ಮುಂದಿನ ಚಕ್ರಗಳ ಮೇಲಿರಬೇಕಾದ ಭಾರದಲ್ಲಿ ಒಂದು ಪಾಲು ಹಿಂದಕ್ಕೆ ಸರಿದಿದೆ ಎಂದು ತಿಳಿಯಬೇಕು. ಕಡೂರಿನ ಕಡೆಯ ಬಯಲು ರಸ್ತೆಯಲ್ಲಿ ಇದು ಅಷ್ಟಾಗಿ ಕಾಡದಿರಬಹುದು. ಆದರೆ ಮಳೆಯಲ್ಲಿ ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರಕ್ಕೆ ಬರುವಾಗ, ಅಥವಾ ಶಿರಾಡಿ ಘಾಟಿಯಲ್ಲಿ ಲಾರಿಗಳ ನಡುವೆ ಸಕಲೇಶಪುರದತ್ತ ಏರುವಾಗ, ಏರಿನ ಕಾರಣದಿಂದಲೇ ಹಿಂದಕ್ಕೆ ವಾಲುವ ಭಾರಕ್ಕೆ ಟ್ರೇಲರಿನ ಭಾರವೂ ಸೇರಿಕೊಂಡು, ಒದ್ದೆ ತಿರುವಿನಲ್ಲಿ ಮುಂದಿನ ಟೈರುಗಳ ಹಿಡಿತ ಕಡಿಮೆಯಾಗುತ್ತದೆ.

ಈ ತೊಂದರೆಗೆಂದೇ ಅಮೆರಿಕದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಉಪಕರಣವೇ ಭಾರ ಹಂಚುವ ಹಿಚ್, ಅಂದರೆ ಗಾಡಿಗೂ ಟ್ರೇಲರಿಗೂ ನಡುವಿನ ವಿಶೇಷ ಕೊಂಡಿ. ಇದನ್ನು ಗಾಡಿಯ ಮಾದರಿ ನೋಡಿಯೋ ಟ್ರೇಲರಿನ ಉದ್ದ ನೋಡಿಯೋ ಕೊಳ್ಳುವವರು ಹೆಚ್ಚು. ಆದರೆ ಸರಿಯಾದ ಹಿಚ್ಚನ್ನು ಆರಿಸಿಕೊಡುವುದು ತೂಕದ ಚೀಟಿ ಮಾತ್ರ.

ಕೆಲಸ ಮಾಡುವ ಬಗೆ

ಟ್ರೇಲರಿನ ಮೂತಿ ಗಾಡಿಯ ಹಿಂದಿರುವ ಉಕ್ಕಿನ ಗುಂಡಿನ, ಅಂದರೆ ಬಾಲ್‌ನ, ಮೇಲೆ ಕೂತು ಕೆಳಕ್ಕೆ ಒತ್ತುವ ಭಾರವನ್ನು ಇಲ್ಲಿ ಮೂತಿಭಾರ ಎಂದು ಕರೆಯೋಣ. ಬಾಲ್ ಇರುವುದು ಹಿಂದಿನ ಆಕ್ಸಲಿನಿಂದ ಇನ್ನೂ ಹಿಂದಕ್ಕೆ ಆದ್ದರಿಂದ, ಆ ಆಕ್ಸಲನ್ನು ನಡುವಿನ ಆಧಾರವಾಗಿಸಿಕೊಂಡು ಮೂತಿಭಾರವು ಗಾಡಿಯ ಮುಂಭಾಗವನ್ನು ಎತ್ತುತ್ತದೆ. ಒಂದು ಲೆಕ್ಕ ನೋಡಿ. ಮೂತಿಭಾರ 120 ಕಿಲೋ, ಹಿಂದಿನ ಆಕ್ಸಲಿನಿಂದ ಬಾಲ್‌ಗೆ 1.2 ಮೀಟರ್, ಎರಡು ಆಕ್ಸಲುಗಳ ನಡುವಿನ ಅಂತರ 2.7 ಮೀಟರ್ ಎಂದಿಟ್ಟುಕೊಂಡರೆ, ಮುಂದಿನ ಆಕ್ಸಲು ಸುಮಾರು 53 ಕಿಲೋ ಭಾರ ಕಳೆದುಕೊಳ್ಳುತ್ತದೆ ಮತ್ತು ಹಿಂದಿನದು 173 ಕಿಲೋ ಹೆಚ್ಚಿಗೆ ಹೊರುತ್ತದೆ. ಬಾಲ್ ಮೇಲೆ ಇಟ್ಟದ್ದು 120 ಕಿಲೋ, ಹಿಂದಿನ ಸ್ಪ್ರಿಂಗುಗಳ ಪಾಲಿಗೆ ಬಂದದ್ದು 173. ಹಿಂದಿನ ಲೀಫ್ ಸ್ಪ್ರಿಂಗಿಗೆ ಇನ್ನೊಂದು ಪ್ಲೇಟ್ ಸೇರಿಸಿದರೆ ಗಾಡಿ ನೋಡಲು ಸಮವಾಗಿ ನಿಲ್ಲುತ್ತದೆ ನಿಜ, ಆದರೆ ಮುಂದೆ ಕಳೆದುಹೋದ 53 ಕಿಲೋ ಅದರಿಂದ ಮರಳುವುದಿಲ್ಲ. ಮೆಕ್ಯಾನಿಕ್ಕುಗಳು ಸಾಮಾನ್ಯವಾಗಿ ಮೊದಲು ಸೂಚಿಸುವ ಪರಿಹಾರ ಇದೇ ಆಗಿರುವುದರಿಂದ ಈ ಮಾತನ್ನು ಒತ್ತಿ ಹೇಳಬೇಕಾಯಿತು.

ಭಾರ ಹಂಚುವ ಹಿಚ್ಚಿನಲ್ಲಿ ಬಾಲ್ ಕೂತಿರುವ ತಲೆಯ ಭಾಗದಿಂದ ಎರಡು ಉಕ್ಕಿನ ಸ್ಪ್ರಿಂಗ್ ಬಾರುಗಳು ಹೊರಟು, ಟ್ರೇಲರಿನ ಮೂತಿಯ ಎರಡೂ ಬದಿಗಳ ಕೆಳಗೆ ಹಾದು, ಚೈನು ಅಥವಾ ಬ್ರಾಕೆಟ್ಟಿನ ಮೂಲಕ ಬಿಗಿಯಾಗಿ ಮೇಲಕ್ಕೆ ಎಳೆದು ನಿಲ್ಲಿಸಲ್ಪಡುತ್ತವೆ. ಬಾಗಿದ ಬಾರುಗಳು ನೇರವಾಗಲು ಹವಣಿಸುವ ಬಲದಿಂದ ಗಾಡಿಯ ಹಿಂಭಾಗ ಮೇಲೇಳುತ್ತದೆ, ಮುಂಭಾಗ ಕೆಳಗಿಳಿಯುತ್ತದೆ, ಹಿಂದಿನ ಆಕ್ಸಲಿನ ಹೊರೆಯಲ್ಲಿ ಒಂದಷ್ಟು ಮುಂದಿನ ಆಕ್ಸಲಿಗೂ ಇನ್ನಷ್ಟು ಟ್ರೇಲರಿನ ಚಕ್ರಗಳಿಗೂ ಹಂಚಿಕೆಯಾಗುತ್ತದೆ. ಒಟ್ಟು ತೂಕದಲ್ಲಿ ಒಂದು ಗ್ರಾಂ ಕೂಡ ಇಳಿಯುವುದಿಲ್ಲ. ಗಾಡಿಯ ಎಳೆಯುವ ಸಾಮರ್ಥ್ಯವೂ ಇದರಿಂದ ಹೆಚ್ಚುವುದಿಲ್ಲ.

ಮೊದಲು ಕೈಪಿಡಿ, ಆಮೇಲೆ ಟೋ ಬಾರ್

ಗಾಡಿಯ ಕೈಪಿಡಿಯಲ್ಲಿ ಮೂರು ಸಂಗತಿಗಳನ್ನು ಹುಡುಕಬೇಕು: ಎಷ್ಟು ತೂಕದ ಟ್ರೇಲರ್ ಎಳೆಯಬಹುದು, ಬಾಲ್ ಮೇಲೆ ಗರಿಷ್ಠ ಎಷ್ಟು ಭಾರ ಬೀಳಬಹುದು ಮತ್ತು ಭಾರ ಹಂಚುವ ಹಿಚ್ ಬಳಸಲು ಅನುಮತಿ ಇದೆಯೇ. ಮೂರನೆಯದನ್ನು ಕಡೆಗಣಿಸಬೇಡಿ. ಕೆಲವು ವಾಹನಗಳಲ್ಲಿ, ಅದರಲ್ಲೂ ಪ್ರತ್ಯೇಕ ಚಾಸಿಯಿಲ್ಲದೆ ಬಾಡಿಯೇ ಚೌಕಟ್ಟಾಗಿರುವ ಗಾಡಿಗಳಲ್ಲಿ, ತಯಾರಕರು ಇದನ್ನು ನಿಷೇಧಿಸಿರುವುದುಂಟು. ಯುರೋಪಿನ ಪದ್ಧತಿಯ ಕಾರುಗಳಲ್ಲಿ ಬಾಲ್ ಮೇಲಿನ ಮಿತಿ 75ರಿಂದ 100 ಕಿಲೋದಷ್ಟೇ ಇರುವುದು ಸಾಮಾನ್ಯ. ಅಂಥ ಗಾಡಿಗೆ 120 ಕಿಲೋ ಮೂತಿಭಾರದ ಟ್ರೇಲರ್ ಕಟ್ಟಿ, ಹಿಚ್ ಎಲ್ಲವನ್ನೂ ಸರಿಮಾಡುತ್ತದೆ ಎಂದು ನಂಬುವಂತಿಲ್ಲ.

ಆಮೇಲೆ ಗಾಡಿಯ ಅಡಿಗೆ ಬಗ್ಗಿ, ಟ್ರೇಲರ್ ಎಳೆಯಲು ಗಾಡಿಗೆ ಕೂಡಿಸಿದ ಚೌಕಟ್ಟಾದ ಟೋ ಬಾರನ್ನು ನೋಡಿ. ಕಂಪನಿಯಿಂದ ಬಂದ ರಿಸೀವರಿನ (ಹಿಚ್ಚನ್ನು ತೂರಿಸುವ ಚೌಕ ಕೊಳವೆಯ) ಪಟ್ಟಿಯಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಸಂಖ್ಯೆಗಳಿರುತ್ತವೆ: ಭಾರವನ್ನು ಬರಿದೇ ಹೊರುವಾಗಿನ ಮಿತಿ ಒಂದು, ಭಾರ ಹಂಚುವ ಹಿಚ್ ಜೊತೆಗಿನ ಮಿತಿ ಇನ್ನೊಂದು. ಊರಿನ ವೆಲ್ಡಿಂಗ್ ಶೆಡ್ಡಿನಲ್ಲಿ ಚಾನಲ್ ಕಬ್ಬಿಣ ಕೂಡಿಸಿ ಮಾಡಿದ ಟೋ ಬಾರಿನಲ್ಲಿ ಈ ಪಟ್ಟಿಯೇ ಇರುವುದಿಲ್ಲ. ಗೊಬ್ಬರ ಸಾಗಿಸುವ ಸಣ್ಣ ಟ್ರೇಲರನ್ನು ಅದು ವರ್ಷಗಟ್ಟಲೆ ಎಳೆದಿರಬಹುದು. ಆದರೆ ಸ್ಪ್ರಿಂಗ್ ಬಾರುಗಳು ಅದರ ಮೇಲೆ ಹಾಕುವುದು ತಿರುಚುವ ಬಲ, ಆ ಬಲಕ್ಕೆಂದು ಅದನ್ನು ಯಾರೂ ಕಟ್ಟಿರುವುದಿಲ್ಲ. ಇಂಥ ಟೋ ಬಾರಿಗೆ ಭಾರ ಹಂಚುವ ಹಿಚ್ ಕೂಡಿಸಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಅಳತೆಯ ಇನ್ನೊಂದು ತೊಡಕು ಬಾಲ್‌ನದು. ಭಾರ ಹಂಚುವ ಹಿಚ್‌ಗಳು ಬಹುಪಾಲು ಅಮೆರಿಕದ ಅಳತೆಯವು: ಎರಡು ಇಂಚಿನ ಚೌಕ ರಿಸೀವರ್, ಎರಡು ಇಂಚು ಅಥವಾ ಅದಕ್ಕಿಂತ ದೊಡ್ಡ ಬಾಲ್. ಎರಡು ಇಂಚು ಎಂದರೆ 50.8 ಮಿಲಿಮೀಟರ್. ಯುರೋಪಿನ ಮಾದರಿಯ ಬಾಲ್ 50 ಮಿಲಿಮೀಟರಿನದು. ಕಣ್ಣಿಗೆ ಎರಡೂ ಒಂದೇ, ಆದರೂ ಒಂದರ ಕಪ್ಲರಿಗೆ (ಬಾಲ್ ಮೇಲೆ ಕೂರುವ ಟ್ರೇಲರಿನ ಬಟ್ಟಲಿಗೆ) ಇನ್ನೊಂದರ ಬಾಲ್ ಹಾಕಬಾರದು. ಬಾಲ್ ಮೇಲೂ ಕಪ್ಲರ್ ಮೇಲೂ ಕೊರೆದಿರುವ ಅಳತೆಯನ್ನು ಓದಿಕೊಂಡೇ ಆರ್ಡರ್ ಕೊಡಬೇಕು.

ತೂಕ ಹಾಕುವುದು

ಟ್ರೇಲರನ್ನು ಖಾಲಿಯಾಗಿ ತೂಗಿ ಪ್ರಯೋಜನವಿಲ್ಲ. ಹಾಸಿಗೆ, ಪಾತ್ರೆ, ಒಲೆ, ಸಿಲಿಂಡರ್, ಬ್ಯಾಟರಿ, ನೀರು ಎಲ್ಲವನ್ನೂ ಪ್ರವಾಸಕ್ಕೆ ಹೊರಟಂತೆಯೇ ತುಂಬಿ, ಹತ್ತಿರದ ವೇಬ್ರಿಡ್ಜಿಗೆ ಒಯ್ಯಬೇಕು. ಮೊದಲು ಟ್ರೇಲರ್ ಮಾತ್ರ, ಆಮೇಲೆ ಗಾಡಿ ಮಾತ್ರ, ನಂತರ ಗಾಡಿಯ ಮುಂದಿನ ಚಕ್ರಗಳನ್ನಷ್ಟೇ ಹತ್ತಿಸಿ ಒಂದು ಚೀಟಿ, ಹಿಂದಿನ ಚಕ್ರಗಳನ್ನಷ್ಟೇ ಹತ್ತಿಸಿ ಮತ್ತೊಂದು ಚೀಟಿ ಪಡೆಯಬೇಕು. ಗಾಡಿಯಲ್ಲಿ ಕೂರುವವರೂ ಆಗ ಕೂತಿರಬೇಕು. ಕಾಫಿ ಮೂಟೆಗಳ ಲಾರಿಗಳು ಸಾಲುಗಟ್ಟಿರುವ ಹೊತ್ತಿನಲ್ಲಿ ಹೋದರೆ ಇಷ್ಟು ಸಲ ಹಿಂದೆ ಮುಂದೆ ಮಾಡಲು ಯಾರೂ ಬಿಡುವುದಿಲ್ಲ, ಆದ್ದರಿಂದ ಬೆಳಗ್ಗೆ ಬೇಗ ಹೋಗುವುದು ಒಳ್ಳೆಯದು.

ಮೂತಿಭಾರವನ್ನು ಮಾತ್ರ ವೇಬ್ರಿಡ್ಜಿನಲ್ಲಿ ನೋಡಬೇಡಿ. ಟನ್‌ಗಟ್ಟಲೆ ತೂಗುವ ಯಂತ್ರಕ್ಕೆ ಕೆಲವು ಕಿಲೋಗಳ ವ್ಯತ್ಯಾಸ ಕಾಣುವುದಿಲ್ಲ. ತೋಟದಲ್ಲಿ ಕಾಫಿ ಚೀಲ ತೂಗುವ ತಟ್ಟೆಯ ತಕ್ಕಡಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ಟ್ರೇಲರಿನ ಚಕ್ರಗಳಿಗೆ ಮುಂದೆಯೂ ಹಿಂದೆಯೂ ಕಲ್ಲು ಕೊಟ್ಟು, ತಕ್ಕಡಿಯ ಮೇಲೆ ಗಟ್ಟಿಯಾದ ಮರದ ದಿಮ್ಮಿ ನಿಲ್ಲಿಸಿ, ಎಳೆಯುವಾಗ ಇರುವ ಎತ್ತರದಲ್ಲೇ ಕಪ್ಲರನ್ನು ಅದರ ಮೇಲೆ ಇಳಿಸಿ ಓದಿಕೊಳ್ಳಿ. ಅಂಥ ತಕ್ಕಡಿ ಇಲ್ಲದಿದ್ದರೆ ಮನೆಯಲ್ಲಿ ಮೈತೂಕ ನೋಡುವ ಯಂತ್ರವೂ ಸಾಕು. ಒಂದು ಗಟ್ಟಿ ಹಲಗೆಯ ಒಂದು ತುದಿಯನ್ನು ಇಟ್ಟಿಗೆಯ ಮೇಲೂ ಇನ್ನೊಂದು ತುದಿಯನ್ನು ಯಂತ್ರದ ಮೇಲೂ ಸಮಮಟ್ಟದಲ್ಲಿಟ್ಟು, ಇಟ್ಟಿಗೆಯ ಆಧಾರದಿಂದ ಒಂದು ಅಡಿಗೆ ಕಪ್ಲರ್, ಅಲ್ಲಿಂದ ಎರಡು ಅಡಿಗೆ ಯಂತ್ರ ಬರುವಂತೆ ಇರಿಸಿದರೆ, ಯಂತ್ರ ತೋರಿಸಿದ ಸಂಖ್ಯೆಯ ಮೂರು ಪಟ್ಟು ನಿಮ್ಮ ಮೂತಿಭಾರ. ಯಂತ್ರದ ಮೇಲಿರುವ ಹಲಗೆಯ ತೂಕವನ್ನು ಮೊದಲೇ ಓದಿಕೊಂಡು ಕಳೆಯಬೇಕು.

ಅಮೆರಿಕದ ಮಾದರಿಯ ಟ್ರೇಲರುಗಳಲ್ಲಿ ಮೂತಿಭಾರ ಒಟ್ಟು ತೂಕದ ಶೇ 10ರಿಂದ 15ರೊಳಗಿರಬೇಕು ಎಂಬುದು ರೂಢಿ. 900 ಕಿಲೋ ಟ್ರೇಲರಿಗೆ ಅದು 90ರಿಂದ 135 ಕಿಲೋ. ತೀರ ಕಡಿಮೆಯಾದರೆ ಟ್ರೇಲರ್ ವೇಗದಲ್ಲಿ ಬಾಲ ಬೀಸತೊಡಗುತ್ತದೆ, ಅಂದರೆ ಎಡಬಲಕ್ಕೆ ಓಲಾಡುತ್ತದೆ. ಎತ್ತಿನ ಗಾಡಿಗೆ ಮೂಟೆ ಹೇರಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ: ಹಿಂಭಾರವಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳ ಹಗ್ಗ ಬಿಗಿಯುತ್ತದೆ, ಮುಂಭಾರವಾದರೆ ನೊಗ ಹೆಗಲನ್ನು ಒತ್ತುತ್ತದೆ. ಕ್ಯಾರವಾನಿನಲ್ಲಿ ಈ ಏರುಪೇರು ಹೆಚ್ಚಾಗಿ ನೀರಿನ ಟ್ಯಾಂಕಿನಿಂದ ಬರುತ್ತದೆ. ಟ್ರೇಲರಿನ ಆಕ್ಸಲಿನಿಂದ ಬಾಲ್‌ಗೆ ಮೂರು ಮೀಟರ್ ಇದ್ದು, 60 ಲೀಟರ್ ಟ್ಯಾಂಕು ಆಕ್ಸಲಿನಿಂದ ಒಂದು ಮೀಟರ್ ಹಿಂದಿದ್ದರೆ, ಅದನ್ನು ತುಂಬಿಸಿದಾಗ ಮೂತಿಭಾರ 20 ಕಿಲೋ ಇಳಿಯುತ್ತದೆ. ಹಾಗಾಗಿ ಟ್ಯಾಂಕು ತುಂಬಿದಾಗ ಒಮ್ಮೆ, ಖಾಲಿಯಿದ್ದಾಗ ಒಮ್ಮೆ ತೂಗಿ ಬರೆದಿಟ್ಟುಕೊಳ್ಳಿ.

ಇಷ್ಟಾದ ಮೇಲೆ ಮೂತಿಭಾರ 50-60 ಕಿಲೋ ಎಂದು ತಿಳಿದುಬಂದು, ಗಾಡಿಯೂ ಹೆಚ್ಚು ಕುಸಿಯದಿದ್ದರೆ, ಈ ಹಿಚ್ ನಿಮಗೆ ಬೇಕಾಗಿಯೇ ಇಲ್ಲ. ಸಾಮಾನುಗಳನ್ನು ಸರಿಯಾಗಿ ಜೋಡಿಸಿ, ಟೈರುಗಳಿಗೆ ಸರಿಯಾದ ಗಾಳಿ ಹಾಕಿಸಿಕೊಂಡು ಹೊರಟರೆ ಸಾಕು.

ಬಾರಿನ ಬಲ

ಸ್ಪ್ರಿಂಗ್ ಬಾರುಗಳ ಸಾಮರ್ಥ್ಯವನ್ನು ಪೌಂಡುಗಳಲ್ಲಿ ಹೇಳುವುದು ವಾಡಿಕೆ: 400, 600, 800, 1,000 ಹೀಗೆ. ಕಿಲೋ ಲೆಕ್ಕದಲ್ಲಿ 400 ಪೌಂಡ್ ಎಂದರೆ 181, 600 ಎಂದರೆ 272. ಮೂತಿಭಾರಕ್ಕೆ ಗಾಡಿಯ ಹಿಂದಿನ ಆಕ್ಸಲಿನ ಹಿಂದೆ ಡಿಕ್ಕಿಯಲ್ಲಿಟ್ಟ ಸಾಮಾನಿನ ತೂಕವನ್ನು ಕೂಡಿಸಿ, ಬಂದ ಮೊತ್ತಕ್ಕಿಂತ ತುಸು ಮೇಲಿನ ಬಾರನ್ನು ಆರಿಸಬೇಕು. ಮೇಲಿನ ಉದಾಹರಣೆಯಲ್ಲಿ 120 ಕಿಲೋ ಮೂತಿಭಾರ, ಡಿಕ್ಕಿಯಲ್ಲಿ 40 ಕಿಲೋ ಸಾಮಾನು ಎಂದಾದರೆ ಒಟ್ಟು 160 ಕಿಲೋ, ಅಂದರೆ ಸುಮಾರು 353 ಪೌಂಡ್. ಇದಕ್ಕೆ 400 ಪೌಂಡಿನ ಬಾರು ಸರಿಹೊಂದುತ್ತದೆ. ‘ಇರಲಿ, ಗಟ್ಟಿಯಾಗಿರಲಿ’ ಎಂದು 800ರದ್ದನ್ನು ಕೊಂಡರೆ ಬಾರು ಬಾಗದೆ ಸೆಟೆದು ನಿಲ್ಲುತ್ತದೆ, ರಸ್ತೆಯ ಪ್ರತಿ ಹಳ್ಳದ ಪೆಟ್ಟೂ ಟ್ರೇಲರಿನ ಚೌಕಟ್ಟಿಗೆ ಮತ್ತು ರಿಸೀವರಿಗೆ ನೇರವಾಗಿ ಬಡಿಯುತ್ತದೆ. ಬೆಸುಗೆ ಬಿಡುವುದು, ಚೌಕಟ್ಟು ಬಾಗುವುದು ಇಂಥ ಕಡೆಯಲ್ಲೇ.

ಯಾವ ಬಗೆಯದು?

ಬಾರುಗಳ ರೂಪದಲ್ಲಿ ಮುಖ್ಯವಾಗಿ ಎರಡು ಬಗೆ. ದುಂಡನೆಯ ಬಾರು ತಲೆಯ ಅಡಿಯಿಂದ ಹೊರಡುತ್ತದೆ. ಬೆಲೆ ಕಡಿಮೆ, ಆದರೆ ನೆಲಕ್ಕೆ ಹತ್ತಿರ. ಚೌಕ ಬಾರುಗಳು ತಲೆಯ ಪಕ್ಕಗಳಿಂದ ಹೊರಡುವುದರಿಂದ ನೆಲದಿಂದ ಹೆಚ್ಚು ಎತ್ತರದಲ್ಲಿರುತ್ತವೆ. ಮೂಡಿಗೆರೆ, ಆಲ್ದೂರು ಕಡೆಯ ತೋಟದ ದಾರಿಗಳಲ್ಲಿ ಮಳೆನೀರು ಹರಿಯಲು ಅಡ್ಡಲಾಗಿ ತೋಡಿದ ಚರಂಡಿಗಳನ್ನೂ ಎದ್ದ ಕಲ್ಲುಗಳನ್ನೂ ದಾಟಬೇಕಾಗಿರುವಾಗ ಎರಡನೆಯದಕ್ಕೆ ಹೆಚ್ಚು ಹಣ ಕೊಡುವುದು ವ್ಯರ್ಥವಲ್ಲ.

ಬಾರನ್ನು ಹಿಡಿಯುವ ಕಡೆ ಚೈನು ಇದ್ದರೆ ಟ್ರೇಲರ್ ಬೀಸುವುದನ್ನು ಅದು ತಡೆಯುವುದಿಲ್ಲ, ಅದಕ್ಕೆ ಪ್ರತ್ಯೇಕ ಘರ್ಷಣೆಯ ಬಾರು ಬೇಕು. ಗಟ್ಟಿ ಬ್ರಾಕೆಟ್ಟಿನ ಮೇಲೆ ಬಾರು ಉಜ್ಜಿಕೊಂಡು ಕೂರುವ ಮಾದರಿಯಲ್ಲಿ ಆ ಕೆಲಸ ಒಳಗೇ ಸೇರಿರುತ್ತದೆ. ಪ್ರತ್ಯೇಕ ಘರ್ಷಣೆಯ ಬಾರನ್ನು ರಿವರ್ಸ್ ಹೋಗುವ ಮೊದಲು ಬಿಚ್ಚಬೇಕಾಗುತ್ತದೆ, ನುಣುಪಾದ ಒದ್ದೆ ರಸ್ತೆಯಲ್ಲಿ ಸಡಿಲಿಸಬೇಕೆಂದು ತಯಾರಕರೇ ಎಚ್ಚರಿಸುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಸ್ತೆ ಒಣಗುವುದೇ ಅಪರೂಪವಾದ ಮಲೆನಾಡಿನಲ್ಲಿ ಇದು ಸಣ್ಣ ವಿಷಯವಲ್ಲ. ಏನೇ ಇದ್ದರೂ, ಹಿಂಭಾರದಿಂದ ಬೀಸುವ ಟ್ರೇಲರನ್ನು ಯಾವ ಉಪಕರಣವೂ ಸರಿಪಡಿಸಲಾರದು.

ಟ್ರೇಲರಿನ ಕಡೆಯಿಂದ ಎರಡು ಅಡ್ಡಿಗಳು ಬರಬಹುದು. ಬ್ರಾಕೆಟ್ಟುಗಳನ್ನು ಕೂರಿಸಲು ಮೂತಿಯು ಎರಡು ಕಂಬಿಗಳು ಕೂಡಿ ತ್ರಿಕೋನವಾಗಿರಬೇಕು. ಒಂಟಿ ಕಂಬಿಯ ಮೂತಿಗೆ ಬೇರೆ ಜೋಡಣೆ ಬೇಕು, ಮುಂದೆ ಸಿಲಿಂಡರ್ ಪೆಟ್ಟಿಗೆ ಇದ್ದರೆ ಜಾಗವೇ ಸಿಗದಿರಬಹುದು. ಇನ್ನೊಂದು ಬ್ರೇಕು. ಗಾಡಿ ನಿಧಾನವಾದಾಗ ಕಪ್ಲರ್ ಹಿಂದಕ್ಕೆ ಸರಿದು ತಾನಾಗಿಯೇ ಬ್ರೇಕ್ ಹಾಕುವ ಓವರ್‌ರನ್ ಬ್ರೇಕಿನ ಟ್ರೇಲರಿನಲ್ಲಿ, ಬಿಗಿದ ಬಾರುಗಳು ಆ ಸರಿದಾಟವನ್ನೇ ತಡೆಹಿಡಿಯುವ ಸಾಧ್ಯತೆ ಇರುವುದರಿಂದ, ಹಿಚ್ ಮತ್ತು ಟ್ರೇಲರ್ ಎರಡರ ತಯಾರಕರ ಲಿಖಿತ ಒಪ್ಪಿಗೆ ಇಲ್ಲದೆ ಕೂಡಿಸಬಾರದು. ಘಾಟಿ ಇಳಿಯುವಾಗ ಟ್ರೇಲರಿನ ಬ್ರೇಕ್ ಕೆಲಸ ಮಾಡದಿರುವುದಕ್ಕಿಂತ ಗಾಡಿಯ ಹಿಂಭಾಗ ಸ್ವಲ್ಪ ಕುಸಿದಿರುವುದೇ ಮೇಲು.

ಕೂಡಿಸಿ ಅಳೆಯುವುದು

ಸಮತಟ್ಟಾದ ಜಾಗದಲ್ಲಿ, ಉದಾಹರಣೆಗೆ ಕಾಫಿ ಒಣಗಿಸುವ ಕಣದಲ್ಲಿ, ಗಾಡಿಯನ್ನು ನಿಲ್ಲಿಸಿ, ಮುಂದಿನ ಚಕ್ರದ ಮೇಲಿನ ಮಡ್‌ಗಾರ್ಡಿನ ಅಂಚು ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಟೇಪು ಹಿಡಿದು ಅಳೆಯಿರಿ. ಟ್ರೇಲರ್ ಇಲ್ಲದೆ 86 ಸೆಂಟಿಮೀಟರ್, ಕಟ್ಟಿದ ಮೇಲೆ 88 ಎಂದಾದರೆ, ಬಾರು ಬಿಗಿದ ಮೇಲೆ ಅದು 87 ಅಥವಾ ಅದಕ್ಕಿಂತ ಕೆಳಕ್ಕೆ ಬರಬೇಕು, ಅಂದರೆ ಏರಿದ್ದರಲ್ಲಿ ಕನಿಷ್ಠ ಅರ್ಧ ಇಳಿಯಬೇಕು. ಗಾಡಿಯ ಕೈಪಿಡಿ ಬೇರೆ ಅಳತೆ ಹೇಳಿದ್ದರೆ ಅದನ್ನೇ ಅನುಸರಿಸಿ. 86ಕ್ಕಿಂತ ಕೆಳಗೆ ಮಾತ್ರ ಇಳಿಸಬಾರದು, ಏಕೆಂದರೆ ಆಗ ಹಿಂದಿನ ಚಕ್ರಗಳು ಹಗುರಾಗಿ ತಿರುವಿನಲ್ಲಿ ಹಿಂಭಾಗ ಜಾರುತ್ತದೆ. ಸಾಲದಿದ್ದರೆ ಚೈನಿನ ಒಂದು ಕೊಂಡಿ ಕಡಿಮೆ ಮಾಡಿ ಅಥವಾ ತಲೆಯನ್ನು ಟ್ರೇಲರಿನ ಕಡೆಗೆ ಇನ್ನಷ್ಟು ಬಾಗಿಸಿ. ಟ್ರೇಲರ್ ನೆಲಕ್ಕೆ ಸಮಾಂತರವಾಗಿ ನಿಂತಿದೆಯೇ ಎಂಬುದನ್ನೂ ನೋಡಬೇಕು. ಮೂತಿ ಎತ್ತಿ ನಿಂತಿದ್ದರೆ ಬಾಲ್ ಇರುವ ಎತ್ತರವನ್ನು ಒಂದು ರಂಧ್ರ ಕೆಳಗಿಳಿಸಿ ಮತ್ತೆ ಮೊದಲಿನಿಂದ ಅಳೆಯಬೇಕು.

ಬಾರುಗಳನ್ನು ಹಾಕುವಾಗಲೂ ತೆಗೆಯುವಾಗಲೂ ಕಪ್ಲರಿಗೆ ಬೀಗ ಹಾಕಿ, ಮೂತಿಯ ಜಾಕನ್ನು ತಿರುಗಿಸಿ ಗಾಡಿಯ ಹಿಂಭಾಗವೂ ಸೇರಿ ಮೇಲೇಳುವಂತೆ ಮಾಡಿ, ಬಾರಿನ ಬಿಗಿ ಸಡಿಲವಾದ ಮೇಲೆಯೇ ಕೈಹಾಕಿ. ಪೈಪು ತೊಡಿಸಿ ಮೈಭಾರ ಹಾಕಿ ಒತ್ತಬೇಕಾಗಿ ಬಂದರೆ ಜಾಕ್ ಇನ್ನೂ ಏರಬೇಕು ಎಂದರ್ಥ. ಬಿಗಿಯಲ್ಲಿರುವ ಬಾರು ಜಾರಿ ಹಾರಿದರೆ ಮೊಣಕೈ ಮುರಿಯಲು ಕ್ಷಣ ಸಾಕು.

ರಸ್ತೆಗಿಳಿಯುವ ಮುನ್ನ ಕಾಗದಪತ್ರಗಳನ್ನೂ ನೋಡಿಕೊಳ್ಳಿ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೇಲರಿಗೆ ಪ್ರತ್ಯೇಕ ವ್ಯಾಖ್ಯೆಯೇ ಇದೆ. ಅದರ ನೋಂದಣಿ, ವಿಮೆ ಮತ್ತು ಟೋ ಬಾರ್ ಅಳವಡಿಕೆಯ ಬಗ್ಗೆ ಹಾಸನ ಅಥವಾ ಚಿಕ್ಕಮಗಳೂರಿನ ಆರ್‌ಟಿಒ ಕಚೇರಿಯಲ್ಲಿಯೂ ವಿಮೆ ಕಂಪನಿಯಲ್ಲಿಯೂ ಮೊದಲೇ ವಿಚಾರಿಸುವುದು ಒಳಿತು.

ಮೊದಲ ಸುತ್ತಿಗೆ ಬೇಲೂರು–ಹಾಸನದಂಥ ಸುಲಭ ರಸ್ತೆಯನ್ನು ಆರಿಸಿಕೊಂಡು, ಒಂದಿಷ್ಟು ದೂರ ಹೋದ ಮೇಲೆ ನಿಲ್ಲಿಸಿ ನಟ್ಟುಗಳನ್ನೆಲ್ಲ ಮತ್ತೊಮ್ಮೆ ಬಿಗಿಯಿರಿ. ಮೂತಿಯ ಕೆಳಗೆ ಅಡ್ಡಡ್ಡವಾಗಿ ಹಾಕಿದ ಸುರಕ್ಷತಾ ಚೈನುಗಳು ತಿರುವಿನಲ್ಲಿ ಬಿಗಿಯದಂತೆಯೂ ನೆಲಕ್ಕೆ ತಾಗದಂತೆಯೂ ಇರಬೇಕು. ಡಾಂಬರು ಮುಗಿದು ತೋಟದ ಕಡಿದಾದ ಇಳಿಜಾರು ಅಥವಾ ಆಳವಾದ ಚರಂಡಿ ಎದುರಾದಾಗ, ಗಾಡಿಗೂ ಟ್ರೇಲರಿಗೂ ನಡುವಿನ ಕೋನ ತೀರ ಹೆಚ್ಚಾಗಿ ಬಾರುಗಳ ಮೇಲೆ ಮಿತಿಮೀರಿದ ಒತ್ತಡ ಬೀಳುವುದರಿಂದ, ಅಲ್ಲೇ ಇಳಿದು ಬಾರುಗಳನ್ನು ಬಿಚ್ಚಿ ಡಿಕ್ಕಿಯಲ್ಲಿಟ್ಟು, ಉಳಿದ ದಾರಿಯನ್ನು ಮೊದಲ ಗೇರಿನಲ್ಲಿ ನಿಧಾನವಾಗಿ ಕ್ರಮಿಸಿ.